ಪುಕ್ಕಟೆ ತಪಾಸಣೆ, ದುಬಾರಿ ಹೆದರಿಕೆ

‘ಮನೆ ವೈರಿಂಗ್ ಸುರಕ್ಷತಾ ತಪಾಸಣೆ ಸಂಪೂರ್ಣ ಉಚಿತ. ಈ ವಾರ ಮಾತ್ರ!’ ಬೆಂಗಳೂರಿನ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿನಲ್ಲೂ ಇದೇ ಮಾತು, ಊರಿನ ಓಣಿಗೆ ಬರುವ ಕರಪತ್ರದಲ್ಲೂ ಇದೇ ಮಾತು. ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನೋ ಜನ ನಾವು. ಆದರೆ ತಪಾಸಣೆ ಮಾಡುವವನೇ ರಿಪೇರಿಯನ್ನೂ ಮಾರುವವನಾದರೆ, ಅವನಿಗೆ ನಿಮ್ಮ ಮನೆಯಲ್ಲಿ ದೋಷ ಸಿಗಲೇಬೇಕು. ಸಿಗದಿದ್ದರೆ ಅವನ ದಿನದ ಕೂಲಿ ಗಿಟ್ಟುವುದಿಲ್ಲ.

ಹೋದ ಬೇಸಿಗೆಯಲ್ಲಿ ಬೇವೂರಿನ ನಮ್ಮ ಮನೆಗೂ ಇಂಥವನೊಬ್ಬ ಬಂದಿದ್ದ. ಅವ್ವ ಗಾಬರಿಯಿಂದ ಫೋನ್ ಮಾಡಿದಳು. “ಫ್ರಿಜ್ಜಿಗೆ ಟೆಸ್ಟರ್ ಹಚ್ಚಿ ಕೆಂಪ ಲೈಟ್ ತೋರಿಸ್ಯಾನ. ವೈರಿಂಗ್ ಪೂರಾ ಕೆಟ್ಟೈತಂತ. 40 ಸಾವಿರ ಆಗ್ತೈತಂತ. ಇವತ್ತ ಅಡ್ವಾನ್ಸ್ ಕೊಟ್ರ 5 ಸಾವಿರ ಬಿಡ್ತೇನಿ ಅಂದಾನ. ಹೆಸ್ಕಾಂನವರೇ ಕಳಿಸ್ಯಾರಂತ.”

ಇದರಲ್ಲಿ ನಿಜವೆಷ್ಟು, ವ್ಯಾಪಾರವೆಷ್ಟು? ಅರ್ಥಿಂಗ್ ಸರಿಯಿಲ್ಲದಿದ್ದರೆ ಫ್ರಿಜ್ಜಿನ ಮೈ ಮೇಲೆ ಟೆಸ್ಟರ್ ದೀಪ ಹತ್ತಬಹುದು. ಅದನ್ನು ಕಡೆಗಣಿಸಬಾರದು. ಆದರೆ ಅದರಿಂದ ಗೊತ್ತಾಗುವುದು ಆ ಪ್ಲಗ್ಗಿನ ಅರ್ಥಿಂಗ್ ಮತ್ತು ಆ ಫ್ರಿಜ್ಜನ್ನು ನೋಡಬೇಕು ಅನ್ನೋದಷ್ಟೇ. ಗೋಡೆಯೊಳಗಿನ ವೈರಿನ ಹಣೆಬರಹ ಟೆಸ್ಟರ್ ಹೇಳಲಾರದು.

ಅದಕ್ಕೆ ಮೆಗ್ಗರ್ ಬೇಕು. ಮೇನ್ ಆಫ್ ಮಾಡಿ, ಉಪಕರಣಗಳನ್ನೆಲ್ಲ ಕಳಚಿ, ವೈರಿಗೂ ಅರ್ಥಿಗೂ ನಡುವೆ 500 ವೋಲ್ಟ್ ಡಿಸಿ ಕೊಟ್ಟು ಅಳೆಯುತ್ತಾರೆ. ಕನಿಷ್ಠ 1 ಮೆಗಾಓಮ್ ಬರಬೇಕು. ಅರ್ಥ್ ಗುಂಡಿಯ ಅಳತೆ ಬೇರೆ, ಅದು ಓಮ್‌ನಲ್ಲಿ. ನಮ್ಮ ಕಡೆಯ ಎರಿಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಒಣಮಣ್ಣು ಕರೆಂಟನ್ನು ಸರಿಯಾಗಿ ಒಯ್ಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಗುಂಡಿಗೆ ನಾಲ್ಕು ಕೊಡ ನೀರು ಹಾಕುವುದೇ ಮೊದಲ ಮದ್ದು.

ಇನ್ನು ‘ಹೆಸ್ಕಾಂ ಕಳಿಸಿದೆ’ ಅನ್ನೋ ಮಾತು. ಮೀಟರಿನಿಂದ ಈಚೆಗಿನ ವೈರಿಂಗ್ ಮನೆಯವರ ಹೊಣೆ. ಗುತ್ತಿಗೆದಾರರಿಗೆ ಲೈಸೆನ್ಸ್, ವೈರ್‌ಮನ್‌ಗಳಿಗೆ ಪರ್ಮಿಟ್ ಕೊಡುವುದು ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ಯಾರಾದರೂ ಹೆಸ್ಕಾಂ ಹೆಸರು ಹೇಳಿಕೊಂಡು ಬಂದರೆ 1912ಕ್ಕೆ ಫೋನ್ ಮಾಡಿ ವಿಚಾರಿಸಿ.

ಅವ್ವನಿಗೆ ಅಡ್ವಾನ್ಸ್ ಕೊಡಬ್ಯಾಡ ಅಂದೆ. ಮರುದಿನ ಪರ್ಮಿಟ್ ಇದ್ದ ವೈರ್‌ಮನ್ ಒಬ್ಬರನ್ನು ಕರೆಸಿ, ತಪಾಸಣೆಗಷ್ಟೇ ದುಡ್ಡು ಕೊಟ್ಟೆವು. ವೈರಿಂಗ್ ಗಟ್ಟಿಯಾಗಿತ್ತು. ಫ್ರಿಜ್ಜಿನ ಹಿಂದಿನ ಸಾಕೆಟ್ಟಿನಲ್ಲಿ ಅರ್ಥ್ ವೈರ್ ಕಳಚಿತ್ತು. ಇನ್ನೊಂದು ಕೊರತೆಯನ್ನೂ ಅವರೇ ತೋರಿಸಿದರು: ಮನೆಯಲ್ಲಿ ಆರ್‌ಸಿಸಿಬಿ ಇರಲಿಲ್ಲ. 40 ಸಾವಿರದ ಲೆಕ್ಕದಲ್ಲಿ ಅದರ ಸುದ್ದಿಯೇ ಇರಲಿಲ್ಲ! ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಶಾಕ್ ಹೊಡೆದಾಗ ಕ್ಷಣದಲ್ಲಿ ಕರೆಂಟ್ ಕಡಿಯುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ.

ಹಾಗಾಗಿ ತಪಾಸಣೆಯೇ ಬೇಡ ಅಂತಲ್ಲ. ಹಳೇ ಮನೆಗೆ ಅದು ಬೇಕೇ ಬೇಕು. ಆದರೆ ಮೂರು ಮಾತು ಕೇಳಿ. ಲೈಸೆನ್ಸ್ ಅಥವಾ ಪರ್ಮಿಟ್ ತೋರಿಸ್ತೀರಾ? ಮೆಗಾಓಮ್ ಎಷ್ಟು, ಓಮ್ ಎಷ್ಟು ಬಂತು ಅಂತ ಬರೆದು ಕೊಡ್ತೀರಾ? ಆ ಕಾಗದ ಇಟ್ಟುಕೊಂಡು ಬೇರೆಯವರ ಹತ್ತಿರವೂ ರೇಟ್ ಕೇಳಬಹುದಾ? ನಿಜವಾದ ತಪಾಸಣೆ ಅಂಕಿಗಳನ್ನು ಬಿಟ್ಟು ಹೋಗುತ್ತದೆ, ಬರೀ ಹೆದರಿಕೆಯನ್ನಲ್ಲ.

ಮೋಸದ ಜಾಹೀರಾತಾದರೆ ಕರಪತ್ರವನ್ನು ಹರಿಯಬೇಡಿ, ಫೋಟೊ ತೆಗೆದಿಟ್ಟುಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ನಾವು ಬೆಂಗಳೂರು, ಪುಣೆ ಅಂತ ದೂರ ಇರ್ತೀವಿ. ಬಾಗಿಲಿಗೆ ಬಂದವನಿಗೆ ಉತ್ತರ ಕೊಡಬೇಕಾದವರು ಊರಲ್ಲಿರುವ ಅಪ್ಪ ಅವ್ವ. ಈ ಭಾನುವಾರ ಫೋನ್ ಮಾಡಿದಾಗ ‘ಊಟ ಆತೇನು’ ಅಂದ ಮೇಲೆ ಇನ್ನೊಂದು ಮಾತು ಕೇಳಿ. ಮೇನ್ ಬೋರ್ಡಿನಲ್ಲಿ ‘ಟಿ’ ಅಂತ ಬರೆದ ಸಣ್ಣ ಬಟನ್ ಐತೇನು? ಇದ್ದರೆ ಒಮ್ಮೆ ಒತ್ತಲಿ, ಕರೆಂಟ್ ಟಪ್ಪಂತ ಹೋಗಬೇಕು. ಹೋಗದಿದ್ದರೆ ಅಥವಾ ಬಟನ್ನೇ ಇಲ್ಲದಿದ್ದರೆ, ಮೊದಲ ಖರ್ಚು ಅದಕ್ಕೇ ಆಗಲಿ.