337 ಟನ್ ಕಸ ಸುಟ್ಟ ಮಾತ್ರಕ್ಕೆ ಭೋಪಾಲ್ ಕಾರ್ಖಾನೆಯ ನೆಲ ಶುದ್ಧವಾಯಿತೇ?

'40 ವರ್ಷಗಳ ಬಳಿಕ ಭೋಪಾಲ್ ವಿಷಮುಕ್ತ' ಎನ್ನುವಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದರಲ್ಲಿ ಸ್ವಲ್ಪ ನಿಜವಿದೆ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಆವರಣದಲ್ಲಿ ವರ್ಷಗಟ್ಟಲೆ ಬಿದ್ದಿದ್ದ 337 ಟನ್ ವಿಷಕಾರಿ ಕಸವನ್ನು 2025ರ ಜನವರಿ 1ರ ರಾತ್ರಿ 12 ಕಂಟೇನರ್‌ಗಳಲ್ಲಿ ಪೀಥಂಪುರಕ್ಕೆ ಸಾಗಿಸಿದರು. ಜೂನ್ ಕೊನೆಯ ಹೊತ್ತಿಗೆ ಅದನ್ನು ಸುಟ್ಟೂ ಆಯಿತು. ಸುಡುವಾಗ ಸುಣ್ಣ ಮತ್ತಿತರ ವಸ್ತು ಬೆರೆಸುವುದರಿಂದ ಉಳಿದ ಬೂದಿಯೇ 800 ಟನ್ ದಾಟಿತು, ಅದು ಬೇರೆ ಕತೆ.

ಹೊರಗೆ ಹೋದದ್ದು ಚೀಲಗಳಲ್ಲಿ ತುಂಬಿಟ್ಟಿದ್ದ ಕಸ ಮಾತ್ರ. ನೆಲ ಅಲ್ಲೇ ಇದೆ. ಅಲ್ಲಿ ಸುಮಾರು 11 ಲಕ್ಷ ಟನ್ ಮಣ್ಣು ಕೆಟ್ಟಿದೆ ಎಂದು ನಾಗಪುರ ಮತ್ತು ಹೈದರಾಬಾದಿನ ಸರ್ಕಾರಿ ಸಂಶೋಧನಾ ಸಂಸ್ಥೆಗಳು 2010ರಲ್ಲೇ ಅಂದಾಜು ಮಾಡಿದ್ದವು. 12 ಕಂಟೇನರ್‌ಗೆ 337 ಟನ್ ಎಂದರೆ ಇಷ್ಟು ಮಣ್ಣಿಗೆ ಸುಮಾರು 39 ಸಾವಿರ ಕಂಟೇನರ್ ಬೇಕು!

ಇನ್ನೊಂದು ತಪ್ಪು ತಿಳಿವಳಿಕೆ: 1984ರ ಡಿಸೆಂಬರಿನಲ್ಲಿ ಸೋರಿದ ಅನಿಲವೇ ನೆಲಕ್ಕೂ ಇಳಿದಿದೆ ಎನ್ನುವುದು. ಆ ರಾತ್ರಿ ಜನರನ್ನು ಕೊಂದ ಮೀಥೈಲ್ ಐಸೋಸೈನೇಟ್ ನೀರು ತಾಗಿದರೆ ಬೇಗ ಒಡೆದುಹೋಗುತ್ತದೆ, ದಶಕಗಟ್ಟಲೆ ಮಣ್ಣಿನಲ್ಲಿ ಉಳಿಯುವುದಿಲ್ಲ. ಮಣ್ಣು ಕೆಟ್ಟದ್ದು ದುರಂತಕ್ಕೂ ಮೊದಲೇ. ಕೀಟನಾಶಕ ತಯಾರಿಸುವಾಗ ಉಳಿದ ಕಸವನ್ನು ಆವರಣದಲ್ಲೇ ಹೂಳುತ್ತಿದ್ದರು, ಕೊಳಕು ನೀರನ್ನು ಹೊರಗಿನ ಹೊಂಡಗಳಲ್ಲಿ ಬಿಸಿಲಿಗೆ ಆರಲು ಬಿಡುತ್ತಿದ್ದರು. ಅದರಲ್ಲಿದ್ದ ಕ್ಲೋರಿನ್ ಸೇರಿದ ರಾಸಾಯನಿಕಗಳು ಸುಲಭಕ್ಕೆ ಕರಗಿ ಮಾಯವಾಗುವಂಥವಲ್ಲ. ಮಳೆನೀರಿನ ಜೊತೆ ಮೆಲ್ಲಗೆ ಅಂತರ್ಜಲಕ್ಕೆ ಇಳಿಯುತ್ತವೆ.

ಹಾಗಾದರೆ ಇಂಥ ಜಾಗ ಮತ್ತೆ ಬಳಕೆಗೆ ಬರುವುದೇ ಇಲ್ಲವೇ? ಬರುತ್ತದೆ. 2012ರ ಲಂಡನ್ ಒಲಿಂಪಿಕ್ಸ್ ನಡೆದ ಸ್ಟ್ರಾಟ್‌ಫರ್ಡ್ ಪ್ರದೇಶದ ಬಹುಭಾಗ ಹಳೆಯ ಕಾರ್ಖಾನೆಗಳ ನೆಲ. ತೈಲ, ಸೀಸ, ಆರ್ಸೆನಿಕ್ ಎಲ್ಲವೂ ಅಲ್ಲಿತ್ತು. ಅಗೆದ ಮಣ್ಣನ್ನು ಊರಾಚೆ ಸುರಿಯುವ ಬದಲು ಅಲ್ಲೇ 'ಮಣ್ಣಿನ ಆಸ್ಪತ್ರೆ' ತೆರೆದು ಸುಮಾರು 20 ಲಕ್ಷ ಟನ್‌ನಷ್ಟನ್ನು ಶುದ್ಧ ಮಾಡಿದರು. ಉಪಾಯ ಸರಳ: ವಿಷ ಹೆಚ್ಚಾಗಿ ಅಂಟಿಕೊಳ್ಳುವುದು ನುಣುಪಾದ ಜೇಡಿಗೆ. ಮಣ್ಣನ್ನು ಜರಡಿ ಹಿಡಿದು ತೊಳೆದರೆ ಮರಳು, ಜಲ್ಲಿ ಬೇರೆಯಾಗುತ್ತವೆ. ಅವನ್ನು ಅಲ್ಲೇ ಮತ್ತೆ ಬಳಸಬಹುದು, ಉಳಿದ ಕೆಸರನ್ನಷ್ಟೇ ವಿಲೇವಾರಿ ಮಾಡಬೇಕು. ಇಂದು ಅಲ್ಲಿ ಪಾರ್ಕು, ಮನೆಗಳು, ಕಚೇರಿಗಳಿವೆ.

ಎಲ್ಲ ಜಾಗವನ್ನೂ ಒಂದೇ ಮಟ್ಟಕ್ಕೆ ಶುದ್ಧ ಮಾಡಬೇಕಿಲ್ಲ ಎನ್ನುವುದೂ ಗಮನಿಸಬೇಕಾದ್ದು. ಮಕ್ಕಳು ಆಡುವ, ತರಕಾರಿ ಬೆಳೆಯುವ ನೆಲಕ್ಕೆ ಕಟ್ಟುನಿಟ್ಟಿನ ಮಿತಿ. ರಸ್ತೆ, ಗೋದಾಮಿಗೆ ಅಷ್ಟು ಬೇಡ. ಆದ್ದರಿಂದ ಏನು ಕಟ್ಟುತ್ತೇವೆ ಎಂದು ಮೊದಲೇ ತೀರ್ಮಾನಿಸಿದರೆ ಖರ್ಚು ಬಹಳ ಇಳಿಯುತ್ತದೆ. ಲಂಡನ್ನಿಗೆ ಒಲಿಂಪಿಕ್ಸ್ ದಿನಾಂಕವೂ ಇತ್ತು, ಹಣವೂ ಇತ್ತು ಅನ್ನಿ.

ಭೋಪಾಲಿನಲ್ಲಿ ಸ್ಮಾರಕ ಕಟ್ಟುವ ಮಾತು ಹಲವು ವರ್ಷಗಳಿಂದ ಇದೆ. ಕಟ್ಟಲಿ. ಆದರೆ ಹೂತ ಕಸವನ್ನು ತೆಗೆಯದೆ ಮೇಲೆ ಕಾಂಕ್ರೀಟ್ ಹಾಕಿದರೆ, ಆಗಲೇ ಅಂತರ್ಜಲ ಸೇರಿದ ವಿಷ ಅಲ್ಲೇ ಉಳಿಯುತ್ತದೆ. ಅಕ್ಕಪಕ್ಕದ ಬಡಾವಣೆಗಳಿಗೆ ಶುದ್ಧ ಕುಡಿಯುವ ನೀರು ಕೊಡಿ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದು ಇದೇ ಕಾರಣಕ್ಕೆ. ಕಸದ ಲಾರಿಗಳು ಹೊರಟುಹೋದ ಮಾತ್ರಕ್ಕೆ ಅಲ್ಲಿನ ಬೋರ್‌ವೆಲ್ ನೀರು ಕುಡಿಯಲು ಯೋಗ್ಯವಾಗಿಲ್ಲ.