ಮನಸ್ಸಿಗೂ ಗ್ರೇಡಾ?

ನಮ್ಮ ವಿ.ಸಿ. ಫಾರಂನಲ್ಲಿ ಭತ್ತದ ತಳಿಯೂ ಹುಟ್ಟುತ್ತೆ, ಡಯಟ್‌ನಲ್ಲಿ ಮೇಷ್ಟ್ರುಗಳಿಗೆ ತರಬೇತಿಯೂ ನಡೆಯುತ್ತೆ. ಭತ್ತವನ್ನ ಬೆಳೆಯೋನು ಅವಧಿ ನೋಡಿ ವಿಂಗಡಿಸ್ತಾನೆ, ಉಣ್ಣೋನು ಕಾಳು ನೋಡಿ. ಮಕ್ಕಳ ಸಾಮಾಜಿಕ-ಭಾವನಾತ್ಮಕ ಕಲಿಕೆಯದೂ ಇದೇ ಕತೆ ಕಣ್ರೀ. ವಿಶ್ವ ಆರೋಗ್ಯ ಸಂಸ್ಥೆಯದು 10 ಜೀವನ ಕೌಶಲ, ಅಮೆರಿಕದ ಕ್ಯಾಸೆಲ್‌ನದು 5 ಸಾಮರ್ಥ್ಯ. ಮೊದಲನೇದರಲ್ಲಿ ಒತ್ತಡ ನಿಭಾಯಿಸೋದು, ಭಾವನೆ ನಿಭಾಯಿಸೋದು ಬೇರೆಬೇರೆ. ಎರಡನೇದರಲ್ಲಿ ಎರಡೂ ಸ್ವನಿರ್ವಹಣೆಯೊಳಗೇ!

ಪಾಠ ಯೋಜಿಸೋಕೆ ಪಟ್ಟಿ ಇರ್ಲಿ, ನಾನು ಬೇಡ ಅನ್ನಲ್ಲ. ಆದ್ರೆ ಸಿಬಿಎಸ್‌ಇ 2009ರಲ್ಲಿ ತಂದ ಸಿಸಿಇಯಲ್ಲಿ ಜೀವನ ಕೌಶಲಕ್ಕೂ ಗ್ರೇಡ್ ಇತ್ತು. 2017ರಲ್ಲಿ ಆ ಪದ್ಧತಿ ಹೋಯ್ತು, ಚಪಲ ಹೋಗಿಲ್ಲ. ನಾಲೇಲಿ ನೀರಿಲ್ಲದೆ ಕಂಗೆಟ್ಟ ಮನೆಯ ಹುಡುಗನಿಗೆ ‘ಒತ್ತಡ ನಿರ್ವಹಣೆ: ಸಿ’ ಅಂತ ಬರೀತೀರಾ? ಯಾವ ಪಟ್ಟಿ ಸರಿ ಅನ್ನೋ ಜಗಳ ಬಿಡಿ, ಯಾತಕ್ಕೆ ಅಂತ ಕೇಳಿ. ಏನಂತೀರಿ?