ಆಕಾಶದ ಪೋಲೀಸರಿಗೆ ಯಾವ ಕಣ್ಣು ಬೇಕು?

ನಮ್ಮ ವಸತಿಗೃಹದಲ್ಲಿ ರಾತ್ರಿ ಊಟವಾದ ಮೇಲೆ ನಡೆಯುವ ಹರಟೆಗೆ ಇಂಥದೇ ವಿಷಯವೆಂಬ ಕಟ್ಟುಪಾಡಿಲ್ಲ. ಈ ವರ್ಷ ಒಂದು ರಾತ್ರಿ ಪೋಲೀಸರ ಹೆಲಿಕಾಪ್ಟರುಗಳ ಮಾತು ಬಂದಿತು. ಕತ್ತಲಲ್ಲಿಯೂ ಮನುಷ್ಯನನ್ನು ಕಂಡುಹಿಡಿಯಬಲ್ಲ ಹೊಸ ಕ್ಯಾಮರಾ ಒಂದನ್ನು ಅದಕ್ಕೆ ಜೋಡಿಸಿಬಿಟ್ಟರೆ ಕಳ್ಳರ ಕಾಲ ಮುಗಿದಂತೆಯೇ ಎಂದು ಮಿತ್ರರೊಬ್ಬರು ಬಲವಾಗಿ ವಾದಿಸಿದರು. ಆಗ ಉತ್ತರ ತೋಚದೆ ನಾನು ಸುಮ್ಮನಾದೆ. ಆಮೇಲೆ ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ನಾನು ಇತಿಹಾಸದ ವಿದ್ಯಾರ್ಥಿ, ಯಂತ್ರಶಾಸ್ತ್ರ ನನ್ನದಲ್ಲ. ತಪ್ಪು ಕಂಡರೆ ಗುರುಗಳು ತಿದ್ದಬೇಕು.

ಮಿತ್ರರ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಈ ಕ್ಯಾಮರಾ ಬೆಳಕನ್ನಲ್ಲ, ವಸ್ತುಗಳು ಹೊರಸೂಸುವ ಶಾಖವನ್ನು ನೋಡುತ್ತದೆ. 2013ರ ಏಪ್ರಿಲ್ 19ರಂದು ಅಮೆರಿಕದ ಬಾಸ್ಟನ್ ಬಳಿಯ ವಾಟರ್‌ಟೌನಿನಲ್ಲಿ, ಮ್ಯಾರಥಾನ್ ಓಟದಲ್ಲಿ ಬಾಂಬಿಟ್ಟವರಲ್ಲೊಬ್ಬನು ಒಂದು ಮನೆಯ ಹಿತ್ತಲಿನಲ್ಲಿದ್ದ ದೋಣಿಯೊಳಗೆ, ಹೊದಿಕೆಯ ಅಡಿಯಲ್ಲಿ ಅಡಗಿ ಮಲಗಿದ್ದನು. ಮ್ಯಾಸಚೂಸೆಟ್ಸ್ ರಾಜ್ಯ ಪೋಲೀಸರ ಹೆಲಿಕಾಪ್ಟರು ಆ ಹೊದಿಕೆಯ ಮೇಲಿನಿಂದಲೇ ಅವನ ದೇಹದ ಆಕಾರವನ್ನು ತೋರಿಸಿಕೊಟ್ಟಿತು. ಕೆಳಗಿದ್ದ ಪೋಲೀಸರಿಗೆ ಅದರಿಂದ ಎಷ್ಟು ಧೈರ್ಯ ಬಂದಿರಬೇಕು! ಆದರೆ ದೋಣಿಯಲ್ಲಿ ಯಾರೋ ಇದ್ದಾರೆಂದು ಮೊದಲು ಕಂಡು ಫೋನು ಮಾಡಿದವನು ಮನೆಯ ಯಜಮಾನನೇ ಎಂಬುದನ್ನೂ ಮರೆಯಬಾರದು.

ಅದೇ ವರ್ಷ ನವೆಂಬರ್ 29ರ ಶುಕ್ರವಾರ ರಾತ್ರಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ನಡೆದುದು ಇದಕ್ಕಿಂತ ಹೆಚ್ಚು ವಿಚಾರಮಾಡಬೇಕಾದ ಸಂಗತಿ. ಒಬ್ಬ ಚಾಲಕ, ಇಬ್ಬರು ಪೋಲೀಸರು ಕುಳಿತಿದ್ದ ಹೆಲಿಕಾಪ್ಟರು ಸುಮಾರು 400 ಕಿಲೋ ಇಂಧನದೊಡನೆ ಹೊರಟು, ಒಂದೂವರೆ ಗಂಟೆಯ ಮೇಲೆ ಹಾರಾಡಿ, ತನ್ನ ತಾಣಕ್ಕೆ ಮರಳುತ್ತಿತ್ತು. ಕ್ಲೂತಾ ಎಂಬ ಪಾನಗೃಹದಲ್ಲಿ ಜನ ಕಿಕ್ಕಿರಿದು ಸಂಗೀತ ಕೇಳುತ್ತಿದ್ದರು. ಅದರ ಛಾವಣಿಯ ಮೇಲೆ ಹೆಲಿಕಾಪ್ಟರು ಬಿದ್ದಿತು. ಒಳಗಿದ್ದ ಮೂವರೂ, ಪಾನಗೃಹದಲ್ಲಿದ್ದ ಏಳು ಮಂದಿಯೂ ಸತ್ತರು.

ತನಿಖೆ ನಡೆಸಿದವರು ಕಂಡದ್ದೇನು? ಇಂಧನ ಮುಗಿದಿರಲಿಲ್ಲ! ಮುಖ್ಯ ಟ್ಯಾಂಕಿಯಲ್ಲಿ ಸುಮಾರು 76 ಕಿಲೋ ಹಾಗೆಯೇ ಉಳಿದಿತ್ತು. ಆ ಯಂತ್ರದಲ್ಲಿ ಎಂಜಿನ್ನುಗಳು ಮುಖ್ಯ ಟ್ಯಾಂಕಿಯಿಂದ ನೇರವಾಗಿ ಇಂಧನವನ್ನು ಹೀರುವುದಿಲ್ಲ; ಎರಡು ಪಂಪುಗಳು ಅದನ್ನು ಚಿಕ್ಕ ಟ್ಯಾಂಕಿಗಳಿಗೆ ಸಾಗಿಸಬೇಕು, ಅಲ್ಲಿಂದ ಎಂಜಿನ್ನುಗಳಿಗೆ ಹೋಗಬೇಕು. ಇಂಧನ ಕಡಿಮೆಯಾಗಿ ಹೆಲಿಕಾಪ್ಟರು ವಾಲಿದಾಗ ಒಂದು ಪಂಪು ಒಣಗುವುದುಂಟು. ಆಗ ಅದನ್ನು ಆರಿಸಿ, ಆಮೇಲೆ ನೆನಪಿಟ್ಟು ಹಾಕಬೇಕು. ಅಂದು ಎರಡೂ ಪಂಪುಗಳ ಸ್ವಿಚ್ಚುಗಳು ಆರಿಸಿದ ಸ್ಥಿತಿಯಲ್ಲಿಯೇ ಸಿಕ್ಕಿದುವು. ಇಂಧನ ಕಡಿಮೆಯೆಂಬ ಎಚ್ಚರಿಕೆ ಐದು ಸಲ ಬಂದಿತ್ತು. ಎಂಜಿನ್ನುಗಳು ಒಂದರ ಹಿಂದೊಂದು ನಿಂತವು. ಎರಡೂ ನಿಂತ ಮೇಲೆ, ಇನ್ನೊಂದು ಸ್ವಿಚ್ಚನ್ನು ಒತ್ತದ ಹೊರತು, ನೆಲದಿಂದ ಎಷ್ಟು ಎತ್ತರದಲ್ಲಿದ್ದೇವೆಂದು ತೋರಿಸುವ ಯಂತ್ರಕ್ಕೂ ಇಳಿಯುವಾಗ ನೆಲ ತೋರಿಸುವ ದೀಪಕ್ಕೂ ವಿದ್ಯುತ್ತಿಲ್ಲ. ರಾತ್ರಿಯ ಹೊತ್ತು, ಕೆಳಗೆ ನಗರ, ಕೈಯಲ್ಲಿ ಕೆಲವೇ ಕ್ಷಣ. ಅಂಥ ವೇಳೆಯಲ್ಲಿ ಇನ್ನೊಂದು ಸ್ವಿಚ್ಚನ್ನು ಹುಡುಕಬೇಕೆಂದು ಏರ್ಪಾಡು ಮಾಡಿದವರ ವಿವೇಕ ನನಗೆ ಅರ್ಥವಾಗದು.

2019ರಲ್ಲಿ ಹೊರಬಿದ್ದ ನ್ಯಾಯಾಧಿಕಾರಿಗಳ ನಿರ್ಣಯವು, ಚಾಲಕನು ಎಚ್ಚರಿಕೆಗಳಂತೆ ನಡೆಯಲಿಲ್ಲವೆಂದು ಹೇಳಿತು. ಇರಬಹುದು. ಸತ್ತವನು ಎದ್ದುಬಂದು ಸಮಾಧಾನ ಹೇಳಲಾರ. ಅವನ ಪರವಾಗಿಯೋ ವಿರುದ್ಧವಾಗಿಯೋ ಮಾತನಾಡಬಲ್ಲ ಸಾಕ್ಷಿ ಒಂದಿರಬೇಕಾಗಿತ್ತು. ಮಾತುಕತೆಯನ್ನೂ ಯಂತ್ರದ ಸ್ಥಿತಿಯನ್ನೂ ದಾಖಲೆ ಮಾಡುವ ಪೆಟ್ಟಿಗೆ. ಆ ಹೆಲಿಕಾಪ್ಟರಿನಲ್ಲಿ ಅದು ಇರಲಿಲ್ಲ. ನಿಯಮದಲ್ಲಿ ಕಡ್ಡಾಯವಿರಲಿಲ್ಲ, ಆದ್ದರಿಂದ ಇರಲಿಲ್ಲ. ಬೇರೆ ಬೇರೆ ಉಪಕರಣಗಳ ನೆನಪಿನಲ್ಲಿ ಉಳಿದಿದ್ದ ಚೂರುಪಾರನ್ನು ಜೋಡಿಸಿ ತನಿಖೆಯವರು ಕಥೆಯನ್ನು ಕಟ್ಟಬೇಕಾಯಿತು. ಪೋಲೀಸ್ ಹೆಲಿಕಾಪ್ಟರುಗಳಲ್ಲಿ ದಾಖಲೆಯ ಪೆಟ್ಟಿಗೆ ಇರಬೇಕು, ಎತ್ತರ ತೋರಿಸುವ ಯಂತ್ರಕ್ಕೆ ವಿದ್ಯುತ್ತು ತಪ್ಪಬಾರದು ಎಂದು 2015ರ ವರದಿಯಲ್ಲಿ ಅವರು ಸಲಹೆಮಾಡಿದರು. ಹತ್ತು ಹೆಣ ಬಿದ್ದ ಮೇಲೆ!

ಕೆಳಗಿನ ಜನರ ಪ್ರತಿಯೊಂದು ಚಲನವಲನವನ್ನೂ ಸಾಕ್ಷಿಯೆಂದು ಚಿತ್ರಿಸಿಡುವ ವಾಹನದಲ್ಲಿ, ತನ್ನೊಳಗೆ ನಡೆಯುವುದನ್ನು ಬರೆದಿಡುವ ಏರ್ಪಾಡಿರಲಿಲ್ಲ. ಇದಕ್ಕಿಂತ ವಿಪರ್ಯಾಸ ಬೇರೆ ಬೇಕೆ? ನನ್ನ ತಕರಾರು ಕ್ಯಾಮರಾದ ಮೇಲಲ್ಲ, ಕ್ರಮದ ಮೇಲೆ. ಹೆಲಿಕಾಪ್ಟರು ಹೊರಬಲ್ಲ ತೂಕಕ್ಕೆ ಮಿತಿಯುಂಟು. ಹೊಸ ಕ್ಯಾಮರಾ, ಹೊಸ ದೀಪ, ಹೊಸ ರೇಡಿಯೋ ಎಂದು ಏರಿಸುತ್ತ ಹೋದರೆ ಅಷ್ಟು ತೂಕದ ಇಂಧನವನ್ನು ಇಳಿಸಬೇಕಾದೀತು. ಹಣಕ್ಕೂ ಅದೇ ಲೆಕ್ಕ. ಹೀಗಿರುವಲ್ಲಿ ಮೊದಲ ಜಾಗ ಯಾವುದಕ್ಕೆ ಎಂಬುದನ್ನು ಆಯುವವರು ಆಲೋಚಿಸಬೇಕು. ಪತ್ರಿಕೆಯಲ್ಲಿ ಚಿತ್ರ ಬರುವುದು ಕ್ಯಾಮರಾದ್ದೇ ಹೊರತು ಪಂಪಿನದಲ್ಲ.

ಕ್ಯಾಮರಾ ಹಿಡಿದವನ ಮೇಲೂ ಒಂದು ಕಣ್ಣು ಬೇಕೆಂಬುದಕ್ಕೆ ಇಂಗ್ಲೆಂಡಿನದೇ ನಿದರ್ಶನವಿದೆ. ಸೌತ್ ಯಾರ್ಕ್‌ಷೈರ್ ಪೋಲೀಸರ ಹೆಲಿಕಾಪ್ಟರಿನಿಂದ 2007 ಮತ್ತು 2012ರ ನಡುವೆ, ತಮ್ಮ ಪಾಡಿಗೆ ಬಿಸಿಲು ಕಾಯಿಸುತ್ತಿದ್ದ ಜನರನ್ನು ನಗ್ನರಾಗಿದ್ದಾಗ ಚಿತ್ರಿಸಿದ ಪೋಲೀಸನೊಬ್ಬನಿಗೆ 2017ರಲ್ಲಿ ಒಂದು ವರ್ಷದ ಸೆರೆವಾಸವಾಯಿತು. ನ್ಯಾಯಾಲಯದಲ್ಲಿ ಸಾಕ್ಷಿಯಾದುದು ಆ ಕ್ಯಾಮರಾದ ಚಿತ್ರಗಳೇ.

ದಾಖಲೆಯ ಪೆಟ್ಟಿಗೆಯಿದ್ದರೆ ಗ್ಲಾಸ್ಗೋದ ಹತ್ತು ಮಂದಿ ಬದುಕುತ್ತಿದ್ದರೆ ಎಂದು ಮಿತ್ರರು ಕೇಳಿಯೇ ಕೇಳುತ್ತಾರೆ. ಬದುಕುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಮುಂದೆ ಅದೇ ಬಗೆಯ ಯಂತ್ರದಲ್ಲಿ ಕೂರುವವರಿಗೆ ನಡೆದುದೇನೆಂದು ತಿಳಿಯಬೇಡವೆ?

ನಮ್ಮ ತಂದೆಯವರು ಲಾರಿ ನಡೆಸುತ್ತಾರೆ. ಓದಿದ್ದು ನಾಲ್ಕನೆಯ ಇಯತ್ತೆ. ಬೆಳಗ್ಗೆ ಹೊರಡುವ ಮೊದಲು ಟ್ಯಾಂಕಿಯೊಳಗೆ ಕೋಲು ಇಳಿಬಿಟ್ಟು ಡೀಸೆಲ್ ಎಷ್ಟಿದೆಯೆಂದು ನೋಡದೆ ಅವರು ಗಾಡಿ ಹತ್ತುವುದಿಲ್ಲ, ಮುಳ್ಳು ಏನನ್ನಾದರೂ ತೋರಿಸಲಿ. ದೀಪಾವಳಿಯ ರಜೆಯಲ್ಲಿ ಊರಿಗೆ ಹೋದಾಗ ಈ ಕಥೆಯನ್ನೆಲ್ಲ ಅವರಿಗೆ ಹೇಳಿದೆ. ಕ್ಯಾಮರಾದ ವಿಷಯ ಅವರು ಕೇಳಲೇ ಇಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಅಲ್ಲಪ್ಪಾ, ಎರಡೂ ಪಂಪು ಯಾಕೆ ಆರಿಸಿದ್ದನಂತೆ ಆ ಪುಣ್ಯಾತ್ಮ?” ಎಂದರು. ವರದಿಯಲ್ಲಿ ಅದಕ್ಕೆ ಉತ್ತರವಿಲ್ಲವೆಂದೆ.

— ಅಂತಿಮ ಬಿ.ಎ. ವಿದ್ಯಾರ್ಥಿ